ಸತ್ಯಪ್ಪ ಬ್ರೆಡ್ಡು ಮಾಡಿದ್ದು

ಮಹಾಂತೇಶ ನಗರದ ಸತ್ಯಪ್ಪನಿಗೆ ಈ ಲೋಕದಲ್ಲಿ ಶತ್ರುಗಳು ಅಂತ ಯಾರೂ ಇರಲಿಲ್ಲ, ಅವನ ಬಾಯಿಯೊಂದನ್ನು ಬಿಟ್ಟರೆ. ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕೂದಲು ನರೆಸಿಕೊಂಡ ಈ ಸಾಧು ಪ್ರಾಣಿ ಇರುವೆಗೂ ದಾರಿ ಬಿಟ್ಟು ನಡೆಯುವಂಥವನು. ಆದರೆ ನಾಲ್ಕು ಜನ ಕೂತಲ್ಲಿ ಒಂದು ನಗೆಮಾತು ನಾಲಿಗೆಯ ತುದಿಗೆ ಬಂತೆಂದರೆ ಅದನ್ನು ನುಂಗಿಕೊಳ್ಳುವ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಎರಡು ವರ್ಷದ ಹಿಂದಿನ ಪಂಚಮಿಯಲ್ಲಿ ಆದದ್ದೂ ಅದೇ. ಅವನ ಹೆಂಡತಿ ನೀಲಾಳ ತಾಯಿ ಪದ್ಮವ್ವ, ಪ್ರತಿ ವರ್ಷದಂತೆ ಖಾನಾಪುರದ ಆಚೆಯ ಗುಂಜಿಯಿಂದ ಡಬ್ಬಿ ತುಂಬ ಉಂಡಿ ಕಟ್ಟಿಕೊಂಡು ಬಂದಿದ್ದಳು. ಪಡಸಾಲೆಯ ತುಂಬ ಬೀಗರು ಕೂತಿದ್ದರು. ಸತ್ಯಪ್ಪ ಒಂದು ಶೇಂಗಾ ಉಂಡಿಯನ್ನು ಬಾಯಿಗಿಟ್ಟ, ಹೊರಗೆ ತೆಗೆದ, ತಿರುಗಿಸಿ ನೋಡಿದ.

"ಇದನ್ನ ಒಡಿಯಾಕ ಗುಂಜಿ ಸ್ಟೇಶನ್ನಿನ ಹಳಿ ಬಡಿಯೂ ಗ್ಯಾಂಗಮನ್‌ನ ಸುತ್ತಿಗಿ ಸಮೇತ ಕರಸಬೇಕು ನೋಡ್ರಿ!"

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪದ್ಮವ್ವ ನಗಲಿಲ್ಲ. ಆಕೆ ಹಳೆಯ ಕಾಲದ ಅತ್ತೆ. ಅಳಿಯನ ಜತೆ ನೇರ ಮಾತಾಡುವ ಪದ್ಧತಿಯೇ ಆಕೆಗಿಲ್ಲ. ಅಳಿಯ ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತಿದ್ದರೂ ಮಾತೆಲ್ಲ ಮಗಳ ಮೂಲಕವೇ ಹೋಗಬೇಕು. ಆ ದಿನವೂ ಹಾಗೆಯೇ ಹೋಯಿತು.

"ನೀಲಾ, ಅಳಿಯಂದ್ರಿಗೆ ಹೇಳವಾ. ಅವರು ತಮ್ಮ ಕೈಲೆ ಮೆತ್ತಂದು ಏನರ ಮಾಡಿ ನನಗ ತಿನ್ನಸೂತನಕಾ ನಾ ಈ ಹೊಸ್ತಿಲಾ ತುಳಿಯೂದಿಲ್ಲ."

ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಹೋದವಳು ಮತ್ತೆ ಬಂದಿರಲಿಲ್ಲ. ಬಾಳೆಗೊನೆ ಬರುತ್ತಿತ್ತು, ಗೇರುಬೀಜ ಬರುತ್ತಿತ್ತು, ಹಲಸಿನ ಹಪ್ಪಳ ಬರುತ್ತಿತ್ತು. ಅವನ್ನೆಲ್ಲ ಹೊತ್ತು ತರುತ್ತಿದ್ದ ನೀಲಾಳ ತಮ್ಮ ಕಲ್ಮೇಶನೂ ಬರುತ್ತಿದ್ದ. ಪದ್ಮವ್ವ ಮಾತ್ರ ಬರುತ್ತಿರಲಿಲ್ಲ. ಈಗ ಮತ್ತೊಂದು ಪಂಚಮಿ ಹತ್ತಿರ ಬಂದಿತ್ತು. ನೀಲಾ ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಜಗಳ ಆಡುವ ಹೆಂಗಸಲ್ಲ. ಅದಕ್ಕೂ ಹಿಂದಿನ ವರ್ಷದ ಖಾಲಿ ಉಂಡಿ ಡಬ್ಬಿಯೊಂದನ್ನು ಕೆಳಗಿಳಿಸಿ, ತೊಳೆದು, ಒರೆಸಿ, ಮತ್ತೆ ಗೋಡೆಯ ಮಾಡದ ಮೇಲಿಟ್ಟಳು, ಅಷ್ಟೇ. ಅದನ್ನು ನೋಡಿದ ಸತ್ಯಪ್ಪನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಕಲ್ಮೇಶ ತಂದಿಟ್ಟ ಗೊನೆ ಬರುವಾಗಲೇ ಪೂರ್ತಿ ಹಣ್ಣಾಗಿ, ಸಿಪ್ಪೆ ಕಪ್ಪಗಾಗತೊಡಗಿತ್ತು. ಕಾಲೇಜಿಗೆ ಹೋಗುವ ಮಗಳು ಪೂನಮ ಮೊಬೈಲಿನಲ್ಲಿ ಏನನ್ನೋ ತೋರಿಸಿದಳು.

"ಅಪ್ಪಾ, ಇಂಥಾ ಕರ್ರಗಾದ ಹಣ್ಣಿಂದನ ಬನಾನಾ ಬ್ರೆಡ್ ಮಾಡ್ತಾರ ನೋಡು. ಓವನ್ ಬ್ಯಾಡ, ಕುಕ್ಕರ್‌ದಾಗನೂ ಆಗತೈತಿ. ಹತ್ತಿ ಇದ್ದಂಗ ಇರತೈತಿ. ಬಾಯಾಗಿಟ್ರ ಕರಗತೈತಿ."

"ಹಲ್ಲಿನ ಸೆಟ್ ಇದ್ದವರೂ ತಿನ್ನಬಹುದೇನು?"

"ಸೆಟ್ ತಗದಿಟ್ಟೂ ತಿನ್ನಬಹುದು."

ಸತ್ಯಪ್ಪನ ಕಣ್ಣು ಹೊಳೆದವು. ಹೊರಡಲು ನಿಂತಿದ್ದ ಕಲ್ಮೇಶನನ್ನು ಬಾಗಿಲಲ್ಲಿ ಹಿಡಿದು, "ನಿಮ್ಮವ್ವಗ ಹೇಳು. ಪಂಚಮಿ ಒಳಗ ನನ್ನ ಕೈಯಾಂದು ತಿಂತಾರಂತ" ಎಂದು ಸವಾಲು ಹಾಕಿದ. ಬ್ರೆಡ್ಡು ಹೋಗಲಿ, ಅವನ ಕೈ ಅದುವರೆಗೆ ಚಹ ಕೂಡ ಮಾಡಿರಲಿಲ್ಲ. ನೀಲಾಳಿಗೆ ಹೇಳಬಾರದೆಂದು ಪೂನಮಳಿಂದ ಆಣೆ ಮಾಡಿಸಿಕೊಂಡ. ಕೆಟ್ಟರೆ ನಗೆಪಾಟಲು ಆಗಬಾರದಲ್ಲ.

ಸೋಮವಾರ ಸಂಜೆ ನೀಲಾ ಸಂತೆಗೆ ಹೋದಾಗ ಮೊದಲ ಪ್ರಯೋಗ ನಡೆಯಿತು. ಹಣ್ಣು ಕಿವುಚಿದ್ದಾಯಿತು. ಮೈದಾ, ಸಕ್ಕರೆ, ಎಣ್ಣೆ, ಮೊಸರು, ಸೋಡಾ ಎಲ್ಲ ಬಿತ್ತು. "ಚಮಚದಲೆ ಒಂದೀಟು ತಿರುವಿ ಬಿಡು, ಭಾಳ ಕೈ ಆಡಸಬ್ಯಾಡ" ಎಂದು ಪೂನಮ ಹೇಳಿ ಓದಲು ಹೋದಳು. ಸತ್ಯಪ್ಪನಿಗೆ ಆ ಮಾತು ತಲೆಗೆ ಹೋಗಲಿಲ್ಲ. ಹುಟ್ಟಿದಾಗಿನಿಂದ ಅವನು ತಾಯಿಯನ್ನು ನೋಡಿದ್ದ, ಹೆಂಡತಿಯನ್ನು ನೋಡಿದ್ದ. ರೊಟ್ಟಿಯ ಹಿಟ್ಟನ್ನು ಅಂಗೈ ಬುಡದಿಂದ ಮೈಮೇಲೆ ಬಂದವರಂತೆ ನಾದುತ್ತಿದ್ದರು, ಅದಕ್ಕೇ ರೊಟ್ಟಿ ಮೆತ್ತಗಾಗುತ್ತಿತ್ತು. ನಾದದ ಹಿಟ್ಟು ಮೆತ್ತಗಾಗುವುದು ಯಾವ ನ್ಯಾಯ? ಇನ್ನಷ್ಟು ಮೈದಾ ಸುರಿದು, ಪರಾತದಲ್ಲಿ ಹಾಕಿ, ಬನಿಯನ್ನು ತೋಯುವವರೆಗೆ ನಾದಿದ. ಕುಕ್ಕರಿನಿಂದ ಹೊರಬಂದದ್ದು ನೆಲದ ಮೇಲೆ ಬಿದ್ದಾಗ ಪಕ್ಕದ ಮನೆಯವರು ಏನಾಯಿತೆಂದು ಕೂಗಿ ಕೇಳಿದರು. ಗಾಳಿಗೆ ಬಡಿದುಕೊಳ್ಳುತ್ತಿದ್ದ ತಲೆಬಾಗಿಲಿಗೆ ಅದನ್ನು ಒತ್ತು ಕೊಟ್ಟು ನಿಲ್ಲಿಸಿ, "ನಾದಿದ್ದು ಕಡಿಮಿ ಆತು" ಎಂದು ಸತ್ಯಪ್ಪ ತೀರ್ಮಾನಕ್ಕೆ ಬಂದ.

ಮರುದಿನ ಬೆಳಿಗ್ಗೆ ನೀಲಾ ಸಾಲೆಗೆ, ಪೂನಮ ಕಾಲೇಜಿಗೆ ಹೋದ ಮೇಲೆ ಕಚೇರಿಗೆ ಫೋನು ಮಾಡಿ "ಆರಾಮಿಲ್ರೀ" ಎಂದು ರಜೆ ಹಾಕಿದ. ರಜೆಗೆ ಇದಕ್ಕಿಂತ ಬೇರೆ ಕಾರಣ ಹೇಳುವುದು ಆ ಕಚೇರಿಯಲ್ಲಿ ಯಾರಿಗೂ ರೂಢಿಯಿಲ್ಲ. ಆಮೇಲೆ, ಮೆತ್ತಗಿರುವುದು ಎಂದರೆ ನಿಖರವಾಗಿ ಎಷ್ಟು ಮೆತ್ತಗೆ ಎಂದು ಅಭ್ಯಾಸ ಮಾಡಲು ಶಹಾಪುರದ ಬುರಾನುದ್ದೀನನ ಬೇಕರಿಗೆ ಹೊರಟ.

ಇಲ್ಲಿ ಓದುಗರಿಗೆ ಗೊತ್ತಿದ್ದದ್ದನ್ನೇ ಒಮ್ಮೆ ನೆನಪಿಸಬೇಕು. ನಮ್ಮ ಈ ಕಡೆ ಗಟ್ಟಿಮುಟ್ಟಾಗಿರುವವರು ತಿನ್ನುವುದು ರೊಟ್ಟಿ. ಮನೆಯೊಳಗೆ ಬ್ರೆಡ್ಡು ಬಂತೆಂದರೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಬ್ರೆಡ್ಡಿನ ಜತೆಗೆ ಬಾಳೆಹಣ್ಣೂ ಬಂದರೆ ರೋಗ ಸಣ್ಣದಲ್ಲ. ದವಾಖಾನೆಗೆ ನೋಡಲು ಹೋಗುವವರ ಚೀಲದಲ್ಲಿ ಇವೆರಡು ಇರಲೇಬೇಕು. ಇಲ್ಲದಿದ್ದರೆ ರೋಗಿಯೇ ಬೇಜಾರು ಮಾಡಿಕೊಳ್ಳುತ್ತಾನೆ. ಸತ್ಯಪ್ಪನೂ ಇದೇ ನೀರು ಕುಡಿದು ಬೆಳೆದವನು. ಆದರೆ ಅವನ ತಲೆಯಲ್ಲಿ ಆ ದಿನ ಅತ್ತೆಯ ಹಲ್ಲಿನ ಸೆಟ್ಟಿನ ಹೊರತು ಬೇರೇನೂ ಇರಲಿಲ್ಲ.

ಬೇಕರಿಯಲ್ಲಿ ಅವನು ಒಂದೊಂದೇ ಬ್ರೆಡ್ಡನ್ನು ಬೆರಳಿನಿಂದ ಒತ್ತಿ ನೋಡತೊಡಗಿದ.

"ಭಾಯಿ, ನಿಮ್ಮಲ್ಲಿ ಎಲ್ಲಾದಕ್ಕಿಂತ ಮೆತ್ತಂದು ಯಾವುದು? ಅಗಿಯೂದ ಬರಬಾರದು."

"ಯಾರಿಗಿ ಸತ್ಯಪ್ಪಣ್ಣಾ?"

"ಅದೊಂದ ಕೇಳಬ್ಯಾಡ್ರಿ. ನೀಲಾಗೂ ಹೇಳಿಲ್ಲ ನಾ."

ಬುರಾನುದ್ದೀನ ತಕ್ಕಡಿಯನ್ನು ಕೆಳಗಿಟ್ಟ. "ಬಾಳೆಹಣ್ಣು?"

"ಗೊನೀನ ಬಂದೈತಿ, ಊರಿಂದ."

"ಊರಾಗೂ ಗೊತ್ತಾತೇನು! ಎಷ್ಟ ದಿವಸದಿಂದ ಐತಿ ಇದು?"

"ಎರಡು ವರ್ಷಾತು ಭಾಯಿ. ಒಳಗೊಳಗ ಕೊರಿಯಾಕತ್ತೈತಿ. ಪಂಚಮಿ ಒಳಗ ಆ ಕಡೆಯರ ಈ ಕಡೆಯರ ಒಂದು ಆಗಿ ಹೋಗಲಿ ಅನಕೊಂಡೇನಿ."

ಬುರಾನುದ್ದೀನ ಇದ್ದುದರಲ್ಲಿ ಮೆತ್ತನೆಯ ಎರಡು ಬ್ರೆಡ್ಡುಗಳನ್ನು ಚೀಲಕ್ಕೆ ಹಾಕಿ, "ರೊಕ್ಕದ ಹೆಸರ ತಗೀಬ್ಯಾಡ್ರಿ. ಫಿಕರ್ ಮಾಡಬ್ಯಾಡ್ರಿ. ದರ್ಗಾಕ್ಕ ಹೋಗಿ ನಾ ದುವಾ ಮಾಡತೇನಿ" ಎಂದ. ಬ್ರೆಡ್ಡಿನಂಥ ವಿಷಯಕ್ಕೆ ದರ್ಗಾದವರೆಗೆ ಹೋಗುವ ಈ ಮನುಷ್ಯನ ವೃತ್ತಿನಿಷ್ಠೆಗೆ ಸತ್ಯಪ್ಪ ಬೆರಗಾದ. ಸತ್ಯಪ್ಪ ಮೂಲೆ ತಿರುಗುವುದರೊಳಗೆ ಅವನ ಕಚೇರಿಯ ಶಿವಲಿಂಗ ದಿನದಂತೆ ಬನ್ನು ತಿನ್ನಲು ಅದೇ ಬೇಕರಿಗೆ ಬಂದ. ಒಬ್ಬ ಅಂದ, ಆರಾಮಿಲ್ಲ ಅಂತ ಫೋನು ಬಂದಿತ್ತು. ಇನ್ನೊಬ್ಬ ಅಂದ, ಎರಡು ವರ್ಷದಿಂದ ಕೊರೆಯುತ್ತಿದೆಯಂತೆ. ಇಬ್ಬರೂ ಲೆಕ್ಕ ಕೂಡಿಸಿದರು.

ಮನೆಯ ಗೇಟಿನಲ್ಲಿ ಎದುರುಮನೆಯ ಕಾಂತಾ ನಿಂತಿದ್ದಳು. ಆಕೆಯ ಕಣ್ಣು ಮೊದಲು ಚೀಲದೊಳಗಿನ ಬ್ರೆಡ್ಡಿನ ಮೇಲೆ, ಆಮೇಲೆ ಹಿಂದಿನ ಸಂಜೆಯ ನಾದುವಿಕೆಯಿಂದ ನೇತುಬಿದ್ದಿದ್ದ ಸತ್ಯಪ್ಪನ ತೋಳುಗಳ ಮೇಲೆ ಬಿತ್ತು. ಆಕೆ ಒಂದು ಮಾತೂ ಆಡದೆ ಒಳಗೆ ಹೋದಳು. ಕಾಂತಾ ಮಾತಾಡದೆ ಒಳಗೆ ಹೋದದ್ದು ಆ ಓಣಿಯ ಇತಿಹಾಸದಲ್ಲಿ ಅದೇ ಮೊದಲು.

ಸತ್ಯಪ್ಪ ಕುಕ್ಕರಿನ ತಳಕ್ಕೆ ಉಪ್ಪು ಹಾಸಿ ಒಲೆಯ ಮೇಲಿಟ್ಟ. ಹಣ್ಣು ಕಿವುಚಿದ. ಹಿಟ್ಟು ಸುರಿದ. ಚಮಚ ಎರಡು ಸುತ್ತು ತಿರುಗಿತ್ತು, ಇನ್ನೇನು ಪರಾತ ಇಳಿಸಿ ನಾದುವ ಯುದ್ಧಕ್ಕೆ ಇಳಿಯಬೇಕು, ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕಾಂತಾ ಒಂದು ಡಜನ್ ಬಾಳೆಹಣ್ಣು, ಒಂದು ಪೌಂಡ್ ಬ್ರೆಡ್ಡು ಹಿಡಿದು ನಿಂತಿದ್ದಳು.

"ಅಯ್ಯ, ನೀವ್ಯಾಕ ಏಳಾಕ ಹೋದ್ರಿ ಅಣ್ಣಾರ? ಇನ್ನ ಮುಚ್ಚಿ ಇಡಬ್ಯಾಡ್ರಿ. ನಮಗೆಲ್ಲಾ ಗೊತ್ತಾಗೇತಿ."

ಸತ್ಯಪ್ಪನ ಮುಖ ಕೆಂಪಾಯಿತು. ಬಾಳೆಹಣ್ಣು ತಂದದ್ದು ಅರ್ಥವಾಯಿತು, ಕಡಿಮೆ ಬೀಳಬಾರದೆಂದು ತಂದಿದ್ದಾಳೆ. ಬ್ರೆಡ್ಡು ಯಾಕೆ? ನೋಡಿ ಕಲಿಯಲಿ ಅಂತಿರಬೇಕು.

"ನೀಲಾಗ ಮಾತ್ರ ಹೇಳಬ್ಯಾಡ್ರಿ, ಕಾಂತಕ್ಕ. ಒಮ್ಮೆ ಎಲ್ಲಾ ಮುಗದ ಮ್ಯಾಲ ಆಕೀಗಿ ತಾನ ಗೊತ್ತಾಗಲಿ."

ಕಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ತಡೆಯುತ್ತಿದ್ದಾಳೆಂದು ಸತ್ಯಪ್ಪನಿಗೆ ಸಿಟ್ಟು ಬಂತು. "ಗಂಡಸರಿಗೆ ಇದು ಬರಬಾರದೇನು?" ಎಂದು ಕೇಳಿದ.

"ಗಂಡಸರೇನು ಹೆಂಗಸರೇನು ಅಣ್ಣಾರ, ಯಾರಿಗಾದ್ರೂ ಬರಬಹುದು. ಆದ್ರ ನಿಮ್ಮ ಧೈರ್ಯಾ ಯಾರಿಗೂ ಇಲ್ಲ ನೋಡ್ರಿ" ಎಂದು ಆಕೆ ಗಟ್ಟಿಯಾಗಿ ಅತ್ತೇಬಿಟ್ಟಳು. ಅಳುತ್ತಲೇ ಹೊರಗೆ ಹೋಗಿ ನೀಲಾಳ ಸಾಲೆಗೆ ಫೋನು ಮಾಡಿದಳು. ನೀಲಾ ಗಾಬರಿಯಾಗಿ ಗುಂಜಿಗೆ ಮಾಡಿದಳು. ಹೀಗೆ ಸುದ್ದಿ ಖಾನಾಪುರದ ರೈಲನ್ನೂ ಬಸ್ಸನ್ನೂ ಹಿಂದೆ ಹಾಕಿ ಕಾಡಂಚಿನ ಊರನ್ನು ಮುಟ್ಟಿತು.

ಮತ್ತೆ ಚಮಚ ಹಿಡಿಯುವಷ್ಟರಲ್ಲಿ ಶಿವಲಿಂಗ ಬಂದ. ಅವನ ಕೈಯಲ್ಲೂ ಬ್ರೆಡ್ಡು, ಬಾಳೆಹಣ್ಣು. ಒಂದು ಎಳನೀರು ಹೆಚ್ಚಿಗೆ.

"ಸಾಹೇಬ್ರು ಹೇಳ್ಯಾರ ಸತ್ಯಪ್ಪಣ್ಣಾ, ಎಷ್ಟ ದಿವಸಾದ್ರೂ ರಜಾ ತಗೋರಿ ಅಂತ."

ಅರ್ಧ ದಿನದ ರಜೆಗೂ ಹೆತ್ತವರನ್ನು ಕಳೆದುಕೊಂಡಂತೆ ಮುಖ ಮಾಡುವ ಸಾಹೇಬರು! ಸತ್ಯಪ್ಪನ ತಲೆ ಗಿಮ್ಮೆಂದಿತು. "ಇದಕ್ಕ ಇಷ್ಟ ರಜಾ ಯಾಕೋ? ಇವತ್ತ ಸಂಜೀಕ ಮುಗೀತೈತಿ."

"ಹಂಗ ಅನಬ್ಯಾಡ್ರಿ" ಎಂದು ಶಿವಲಿಂಗ ಅವನ ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ದನಿ ತಗ್ಗಿಸಿ, "ಪೂನಮಂದು ಡಿಗ್ರಿ ಯಾವಾಗ ಮುಗೀತೈತಿ? ಅನುಕಂಪದ ಮ್ಯಾಲ ಆಕೀನ್ನ ಲಗೂನ ಹಾಕ್ಕೋತಾರ, ಅದರ ಚಿಂತಿ ಬಿಡ್ರಿ. ಮತ್ತ ಕಿಟಕಿ ಬಾಜೂಕಿನ ಆ ನಿಮ್ಮ ಕುರ್ಚಿ... ಅದನ್ನೂ ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನಾ ಇದ್ದೇನಿ" ಎಂದ.

ಸತ್ಯಪ್ಪನ ಕೈಯೊಳಗಿನ ಚಮಚ ನಿಂತಿತು. ಇಷ್ಟು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಅನುಕಂಪದ ನೌಕರಿ ಯಾರ ಮಕ್ಕಳಿಗೆ ಸಿಗುತ್ತದೆ ಎಂದು ತಿಳಿಯದೆ ಇರುತ್ತದೆಯೇ?

"ಶಿವಲಿಂಗಾ, ಅನುಕಂಪಕ್ಕ... ಅಪ್ಪ ಸತ್ತಿರಬೇಕಲ್ಲೋ?"

ಶಿವಲಿಂಗ ಮೇಲಿನ ಫ್ಯಾನನ್ನು ನೋಡಿದ. ಒಳಗೆ ಬಂದ ಕಾಂತಾ ನೆಲ ನೋಡಿದಳು.

ಆಗ ಸತ್ಯಪ್ಪನಿಗೆ ಒಂದೊಂದೇ ಜೋಡಿಸಿಕೊಂಡಿತು. ಬುರಾನುದ್ದೀನನ ದುವಾ. ಕಾಂತಾಳ ಅಳು. ಸಾಹೇಬರ ದಯೆ. ಮೊನ್ನೆ ಕಚೇರಿಯಲ್ಲಿ ರಕ್ತ ತಪಾಸಣೆಯ ಶಿಬಿರ ಇತ್ತು, ಎಲ್ಲರ ವರದಿ ಬಂದಿತ್ತು, ಅವನದು ಬಂದಿರಲಿಲ್ಲ. ಹಾಗಾದರೆ ಅದು ಬಂದಿದೆ. ಊರಿಗೆಲ್ಲ ಗೊತ್ತಾಗಿದೆ, ಅವನೊಬ್ಬನಿಗೆ ಹೇಳಿಲ್ಲ! ಅದುವರೆಗೆ ಕುದುರೆಯ ಹಾಗಿದ್ದವನಿಗೆ ಎಡಗಡೆ ಎದೆಯಲ್ಲಿ ಚಳಕು ಬಂತು. ಕೂಡಲೇ ಬಲಗಡೆಯೂ ಬಂತು. ಎರಡೂ ತೋಳು ಎತ್ತಲಾಗದಷ್ಟು ನೋಯುತ್ತಿದ್ದದ್ದು ನೆನಪಾಗಿ ಇನ್ನಷ್ಟು ಅಂಜಿದ. ಶಿವಲಿಂಗ ಅವನನ್ನು ಮಂಚಕ್ಕೆ ಒಯ್ದು ಮಲಗಿಸಿದ.

"ಕಾಂತಕ್ಕ," ಎಂದು ಸತ್ಯಪ್ಪ ಕ್ಷೀಣವಾದ ದನಿಯಲ್ಲಿ ಕರೆದ. "ಆ ಬೋಗುಣ್ಯಾಗ ಕಲಸಿದ್ದೈತಿ. ನಾದೂದ ಆಗಲಿಲ್ಲ ನನ್ನ ಕೈಲೆ. ಹೋಗಲಿ. ಹಂಗ ಸ್ಟೀಲ್ ಡಬ್ಬ್ಯಾಗ ಸುರುವಿ ಕುಕ್ಕರ್‌ದಾಗ ಇಡ್ರಿ. ಸೀಟಿ ಹಾಕಬ್ಯಾಡ್ರಿ. ಉರಿ ಸಣ್ಣಗಿರಲಿ."

ಸಾಯುವವನ ಕಡೆಯ ಆಸೆಗೆ ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ. ಕಾಂತಾ ಮೂಗು ಸೀಟಿಕೊಳ್ಳುತ್ತ, ಆ ಗಂಟುಗಂಟಾದ ಹಿಟ್ಟನ್ನು ಒಮ್ಮೆಯೂ ಕದಡದೆ, ಪ್ರಸಾದ ಹಿಡಿದಂತೆ ಹಿಡಿದು ಕುಕ್ಕರಿನೊಳಗೆ ಇಳಿಸಿದಳು.

ಮುಂದಿನ ಒಂದು ತಾಸಿನಲ್ಲಿ ಓಣಿಯ ಅರ್ಧ ಜನ ಬಂದು ಹೋದರು. ಮಂಚದ ಸುತ್ತ ಬ್ರೆಡ್ಡಿನ ಗೋಡೆ ಎದ್ದಿತು, ಬಾಳೆಹಣ್ಣು ಟಿ.ವಿ.ಯನ್ನು ಮುಚ್ಚಿತು. ನೀಲಾ ಸಾಲೆಯಿಂದ ಓಡಿಬಂದು ಗಂಡನ ಕಾಲು ಹಿಡಿದು ಕೂತಳು. "ನನಗೊಂದ ಮಾತ ಹೇಳಬಾರದಾಗಿತ್ತೇನ್ರೀ?" ಎಂದು ಆಕೆ, "ನೀನಾದ್ರೂ ನನಗ ಹೇಳಬಾರದಾಗಿತ್ತೇನು?" ಎಂದು ಅವನು, ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡು ಅತ್ತರು. ಏನನ್ನು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆ ಹೊತ್ತಿಗೆ ಹೊರಗೆ ಮೋಟರ್‌ಸೈಕಲ್ ನಿಂತ ಸದ್ದಾಯಿತು. ಕಲ್ಮೇಶನ ಹಿಂದಿನಿಂದ ಇಳಿದ ಪದ್ಮವ್ವ, ಚಪ್ಪಲಿಯನ್ನು ಎಲ್ಲಿ ಬಿಟ್ಟಳೋ, ಎರಡು ವರ್ಷದ ಹಟವನ್ನು ಎಲ್ಲಿ ಬಿಟ್ಟಳೋ, ಹೊಸ್ತಿಲು ದಾಟಿ ಸೀದಾ ಮಂಚದ ಹತ್ತಿರ ಬಂದಳು. ಕೈಯಲ್ಲಿ ಬಾಳೆಹಣ್ಣಿತ್ತು.

"ನೀಲಾ, ಅಳಿಯಂದ್ರಿಗೆ ಹೇಳವಾ, ನಾ ಏನೂ ಮನಸ್ಸಿನ್ಯಾಗ ಇಟಗೊಂಡಿಲ್ಲ ಅಂತ. ಉಂಡಿ ಗಟ್ಟಿ ಇದ್ದೂವಂತ ಹೇಳು. ಭಾಳ ಗಟ್ಟಿ ಇದ್ದೂವಂತ ಹೇಳು. ಅವರು ಎದ್ದು ಕುಂತ್ರ ಸಾಕು."

ಸತ್ಯಪ್ಪ ಕಣ್ಣೀರು ಸುರಿಸಿದ. ಅತ್ತೆ ಬಂದ ಸಂತೋಷಕ್ಕೆ ಅರ್ಧ, ಅದನ್ನು ಅನುಭವಿಸಲು ತಾನಿರುವುದಿಲ್ಲ ಎಂಬ ದುಃಖಕ್ಕೆ ಅರ್ಧ. ಸರಿಯಾಗಿ ಆಗಲೇ ಪೂನಮ ಕಾಲೇಜಿನಿಂದ ಬಂದಳು. ಬಂದವಳು ಯಾರ ಮುಖವನ್ನೂ ನೋಡಲಿಲ್ಲ, ಮೂಗು ಎತ್ತಿದಳು.

"ಆಹಾ, ಎಂಥಾ ವಾಸನಿ! ಅಪ್ಪಾ, ಬನಾನಾ ಬ್ರೆಡ್ ಆತೇನು? ಮತ್ತ ನಾದಿಲ್ಲ ಹೌದಿಲ್ಲೋ?"

ಎಲ್ಲರೂ ಅಡಿಗೆಮನೆಯ ಕಡೆ ತಿರುಗಿದರು; ಪೂನಮ ಅಜ್ಜಿಯ ಕಡೆ ಕೈ ತೋರಿಸಿದಳು.

"ಆಯಿಗೆ ತಿನ್ನಸಾಕಂತ ಅಪ್ಪ ರಜಾ ಹಾಕಿ ಬ್ರೆಡ್ ಮಾಡಾಕತ್ತಿದ್ದ. ಯಾಕ, ಏನಾತು? ಇಷ್ಟ್ಯಾಕ ಮಂದಿ ಕೂಡೇರಿ?"

"ರಕ್ತದ ವರದಿ?" ಎಂದು ಸತ್ಯಪ್ಪ ಎದ್ದು ಕೂತು ಶಿವಲಿಂಗನನ್ನು ಕೇಳಿದ.

"ಯಾವ ವರದಿ? ನೀವು ಸೂಜಿ ನೋಡಿ ಅವತ್ತ ಮನಿಗೆ ಓಡಿ ಬಂದಿದ್ರಲ್ಲ" ಎಂದ ಶಿವಲಿಂಗ. ಕಿಟಕಿ ಪಕ್ಕದ ಕುರ್ಚಿ ಕೈತಪ್ಪಿದ್ದು ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಕಾಂತಾ ತನ್ನ ಬಾಳೆಹಣ್ಣಿನ ಡಜನ್ ಯಾವುದೆಂದು ಹುಡುಕತೊಡಗಿದಳು.

ಪದ್ಮವ್ವ ಮಾತ್ರ ಎದ್ದು ನಿಂತಳು. "ನೀಲಾ, ಅಳಿಯಂದ್ರಿಗೆ ಹೇಳು. ಆರಾಮ ಇದ್ದದ್ದು ಒಳ್ಳೇದಾತು. ನಾ ಒಳಗ ಬಂದದ್ದು ಲೆಕ್ಕಕ್ಕಿಲ್ಲ." ಹೊರಗೆ ಹೋಗಿ ಮೆಟ್ಟಿಲ ಮೇಲೆ, ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತಳು. "ಕಲ್ಮೇಶಾ, ಗಾಡಿ ಚಾಲೂ ಮಾಡು."

ನೀಲಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಕೆಯ ಮುಖ ನೋಡಿದ ಸತ್ಯಪ್ಪ ಮಂಚದಿಂದ ನೆಗೆದ. ಒಳಗೋಡಿ, ಕುಕ್ಕರಿನಿಂದ ಡಬ್ಬಿಯನ್ನು ತೆಗೆದು, ತಟ್ಟೆಯ ಮೇಲೆ ಮಗುಚಿದ. ಸದ್ದಾಗಲಿಲ್ಲ. ಅದು ಬಿದ್ದ ಸದ್ದೇ ಕೇಳಲಿಲ್ಲವೆಂದು ಅವನು ಬಿದ್ದಿತೋ ಇಲ್ಲವೋ ಎಂದು ಬಗ್ಗಿ ನೋಡಿದ. ಬಿದ್ದಿತ್ತು. ಕಂದು ಬಣ್ಣದ್ದು, ಹಬೆಯಾಡುತ್ತ, ಮೈಯೆಲ್ಲ ತೇವ. ನಾದದ ಹಿಟ್ಟು ಕೆಟ್ಟೇ ಹೋಗಿರುತ್ತದೆ ಎಂದುಕೊಂಡರೂ ಒಂದು ತುಂಡು ಕೊಯ್ದು ಮೆಟ್ಟಿಲಿಗೆ ತಂದ.

ಓಣಿಯೇ ನೋಡುತ್ತಿತ್ತು. ಪದ್ಮವ್ವ ತುಂಡನ್ನು ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು. ಆಮೇಲೆ ಆ ಕಡೆ ಮುಖ ತಿರುಗಿಸಿ ಹಲ್ಲಿನ ಸೆಟ್ಟನ್ನು ತೆಗೆದು ಕಲ್ಮೇಶನ ಅಂಗೈಯಲ್ಲಿಟ್ಟಳು. ತಿಂದಳು. ಇನ್ನೊಂದು ತುಂಡಿಗೆ ಕೈ ಚಾಚಿದಳು. ಅದನ್ನೂ ತಿಂದು, ಸೆಟ್ಟನ್ನು ಹಾಕಿಕೊಂಡು, ಮೊಳಕಾಲ ಮೇಲೆ ಕೈಯೂರಿ ಎದ್ದು, ಬಲಗಾಲಿಟ್ಟು ಹೊಸ್ತಿಲು ದಾಟಿದಳು. ದಾಟಿದ ಕಾಲು ಬಾಗಿಲಿಗೆ ಒತ್ತುಕೊಟ್ಟಿದ್ದ ಯಾವುದಕ್ಕೋ ತಾಗಿತು.

"ಅವ್ವಾ! ಇದೇನಿದು ಕಲ್ಲು?"

"ಅದು ಮೊದಲನೇದು, ಆಯಿ. ಅಪ್ಪ ನಿನ್ನೆ ನಾದಿ ಮಾಡಿದ್ದು" ಎಂದಳು ಪೂನಮ.

ಪದ್ಮವ್ವ ಅದನ್ನು ಎರಡೂ ಕೈಯಿಂದ ಎತ್ತಿ ಚೌಕಟ್ಟಿಗೆ ಬಡಿದು ನೋಡಿದಳು. ಟಣ್ ಎಂದಿತು. ಆಕೆಯ ಮುಖದಲ್ಲಿ ಎರಡು ವರ್ಷದ ಗಂಟು ಸಡಿಲವಾಗಿ, ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು ಕುಣಿಯಿತು, ಆಮೇಲೆ ಪಡಸಾಲೆಯೇ ನಗತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ನೀಲಾಳ ಕಡೆ ನೋಡದೆ, ಲಗ್ನವಾದಾಗಿನಿಂದ ಮೊದಲ ಸಲ ಆಕೆ ಸೀದಾ ಅವನ ಮುಖಕ್ಕೆ ಮಾತಾಡಿದಳು.

"ಅಳಿಯಂದ್ರ, ನನ್ನ ಉಂಡಿ ಇದರ ಮುಂದ ಬೆಣ್ಣಿ ಅದಾವು. ಈ ಸಲ ಪಂಚಮಿಗಿ ಇಲ್ಲೇ ಕಟ್ಟತೇನಿ. ಕುಂತು ತಿನ್ನಬೇಕು ನೀವು!"

ನೀಲಾ ಮಾಡದ ಮೇಲಿನ ಡಬ್ಬಿಯ ಕಡೆ ನೋಡಿ ಕಣ್ಣೊರೆಸಿಕೊಂಡಳು. ಸತ್ಯಪ್ಪನ ಹೃದಯ ತುಂಬಿ ಬಂತು. ತುಂಬಿ ಬಂದದ್ದು ಅಲ್ಲಿಗೇ ನಿಲ್ಲದೆ ಗಂಟಲಿಗೆ ಏರಿತು, ಗಂಟಲಿನಿಂದ ನಾಲಿಗೆಯ ತುದಿಗೆ ಬಂತು. ಅವನ ಕಣ್ಣು ಮಿನುಗಿದವು. "ಹಂಗಾದ್ರ ಅತ್ತೀ, ಆ ಗ್ಯಾಂಗಮನ್..." ಎಂದು ಬಾಯಿ ತೆರೆದ.

ನೀಲಾ ತಟ್ಟೆಯಲ್ಲಿ ಉಳಿದಿದ್ದ ಎಲ್ಲಕ್ಕಿಂತ ದೊಡ್ಡ ತುಂಡನ್ನು ಎತ್ತಿ ಅವನ ಬಾಯಿಗೆ ತುರುಕಿ, ಮೇಲೆ ಅಂಗೈ ಒತ್ತಿ ಹಿಡಿದಳು. ಸತ್ಯಪ್ಪ ಒಮ್ಮೆ ಒದ್ದಾಡಿದ. ಆಮೇಲೆ ಅಗಿದ. ತಾನು ಮಾಡಿದ ಬ್ರೆಡ್ಡನ್ನು ತಾನಿನ್ನೂ ತಿಂದೇ ಇರಲಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

ಖರೇನೇ ಮೆತ್ತಗಿತ್ತು.